ಅಪ್‌ಡೇಟ್: ಬಾಗಿದ ಕಡೆ ಡಿಎ ಪಾಲಿಶರ್ ಪ್ಯಾಡ್ ತಿರುಗದ ಸಮಸ್ಯೆ

ಕಪ್ಪು ಕಾರಿನ ಸುಳಿಗೀರು (ಪೇಂಟ್ ಮೇಲಿನ ಸುರುಳಿಯಾಕಾರದ ಸಣ್ಣ ಗೀರು) ತೆಗೆಯಲು ರೋಟರಿ (ಪ್ಯಾಡ್ ಒಂದೇ ಕೇಂದ್ರದ ಸುತ್ತ ತಿರುಗುವ ಪಾಲಿಶ್ ಮಷಿನ್) ಬೇಕೋ ಡಿಎ (ಡ್ಯುಯಲ್ ಆ್ಯಕ್ಷನ್, ಅಂದರೆ ಪ್ಯಾಡ್ ತಿರುಗುತ್ತಲೇ ಓಲಾಡುವ ಮಷಿನ್) ಸಾಕೋ, ಬಾಗಿದ ಕಡೆ ಡಿಎ ಪ್ಯಾಡ್ ಯಾಕೆ ನಿಂತುಹೋಗುತ್ತೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಡಿಎ ಧಾರಾಳವಾಗಿ ಸಾಕು.

ಮೋಟಾರ್‌ನಲ್ಲಿ ದೋಷವಿಲ್ಲ. 21 ಎಂಎಂ ಥ್ರೋ (ಪ್ಯಾಡ್ ಓಲಾಡುವ ವೃತ್ತದ ವ್ಯಾಸ) ಮಷಿನ್‌ನ ದೊಡ್ಡ ಪ್ಯಾಡ್ ಫೆಂಡರ್ ಬಾಗಿನಲ್ಲಿ ಒಂದೇ ಬದಿ ಒತ್ತಿಕೊಂಡರೆ ತಿರುಗುವುದು ನಿಂತು, ಬರೀ ಅದುರುತ್ತದೆ. ಗೀರು ಹಾಗೇ ಉಳಿಯುತ್ತದೆ. ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ. ನಿಂತಲ್ಲೇ ನಡುಗಿದರೆ ಒತ್ತಡ ಕಡಿಮೆ ಮಾಡಿ, ಪ್ಯಾಡನ್ನು ಸಮತಟ್ಟಾಗಿಸಿ. ಇದೊಂದು ಸಲಹೆಯೇ ಅರ್ಧ ಸಮಸ್ಯೆ ಬಗೆಹರಿಸಿತು. ಬಂಪರ್, ಕಿಟಕಿ ಪಕ್ಕದ ಕಂಬಗಳಿಗೆ 3 ಇಂಚಿನ ಪ್ಯಾಡ್‌ನ ಬೇರೆ ಸಣ್ಣ ಮಷಿನ್ನೇ ಒಳ್ಳೆಯದು. ದೊಡ್ಡದಕ್ಕೆ ಸಣ್ಣ ಪ್ಲೇಟ್ ಹಾಕಿದರೆ ಒಳಗಿನ ಕೌಂಟರ್‌ವೇಟ್ (ಸಮತೋಲನದ ತೂಕ) ಲೆಕ್ಕ ತಪ್ಪಿ ಕೈ ಜೋಮು ಹಿಡಿಯುವಷ್ಟು ಕಂಪನ.

ಈಗ ಪಾಲಿಸುತ್ತಿರುವ ಕ್ರಮ: 45 ಸೆಂ.ಮೀ. ಚೌಕ, ಬಟಾಣಿ ಗಾತ್ರದ 3–4 ಹನಿ ಪಾಲಿಶ್, ಮಷಿನ್ ಡಯಲ್‌ನಲ್ಲಿ ವೇಗ 4, ಅಡ್ಡ-ಉದ್ದ ಸೇರಿ 4 ಸುತ್ತು. ಪ್ರತಿ ಚೌಕದ ನಂತರ ಪ್ಯಾಡನ್ನು ಬ್ರಷ್‌ನಿಂದ ಉಜ್ಜಲೇಬೇಕು. ಸವೆದ ಪೇಂಟ್ ತುಂಬಿದ ಪ್ಯಾಡ್ ಬಿಸಿಯಾಗುತ್ತದೆ, ಮಬ್ಬು ಬಿಡುತ್ತದೆ. ಚೂಪು ಅಂಚುಗಳಿಗೆ ಟೇಪ್. ಅಲ್ಲಿ ಕ್ಲಿಯರ್ ಕೋಟ್ (ಪೇಂಟ್ ಮೇಲಿನ ಪಾರದರ್ಶಕ ಪದರ) ತೆಳು.

ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಿಂದ ಪಾಲಿಶ್ ಜಿಡ್ಡು ಒರೆಸಿ ಟಾರ್ಚ್ ಹಿಡಿದರೂ ಬಾನೆಟ್ ಮೇಲೆ ಸುಳಿಗೀರಿಲ್ಲ. ಬಾಗಿಲ ಹಿಡಿಕೆಯ ಹಿಂದಿನ ಉಗುರು ಗೀರುಗಳು ಮಾತ್ರ ಆಳವಾಗಿವೆ, ಅವನ್ನು ಹಾಗೇ ಬಿಡುತ್ತೇನೆ.