ಭೂಮಣ್ಣಿ ಬುಟ್ಟಿಯನ್ನು ಗ್ಯಾಲರಿಗೆ ತರಬೇಕು, ಪ್ರಪೋಸಲ್ ಬರೆಯಲು ಬರುತ್ತಿಲ್ಲ

ಬುಟ್ಟಿ_ಚಿತ್ತಾರ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಈಗ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಐದಾರು ವರ್ಷದಿಂದ ರಜೆಯ ದಿನ ಕೂತು ಹಸೆ ಚಿತ್ತಾರ (ನಮ್ಮ ಕಡೆ ಮನೆಗೋಡೆ ಮೇಲೆ ಎಳೆ ಎಳೆಯಾಗಿ ಬರೆಯೋ ಚಿತ್ರ) ಬರೆಯುತ್ತೇನೆ. ಕಲಿಸಿದ್ದು ಅಮ್ಮ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯೋದು, ಗದ್ದೆಯಲ್ಲಿ ಭೂಮಿ ಪೂಜೆ ಮಾಡೋ ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ ಚಿತ್ತಾರ ಬರೆಯೋದು (ಇದೇ ಭೂಮಣ್ಣಿ ಬುಟ್ಟಿ) ಎಲ್ಲಾ ಹೆಂಗಸರದೇ ಕೆಲಸ. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಸುಟ್ಟ ಅಕ್ಕಿ. ಬ್ರಷ್ ಅಂದರೆ ಪುಂಡಿ ನಾರು. ನಾನು ಈಗ ಬಟ್ಟೆ ಮತ್ತು ದಪ್ಪ ಕಾಗದದ ಮೇಲೂ ಬರೆಯುತ್ತೇನೆ.

ನಮ್ಮ ಬಡಾವಣೆಯ ಲೈಬ್ರರಿ ಮಹಡಿ ಮೇಲೆ ಒಂದು ಸಣ್ಣ ಗ್ಯಾಲರಿ ಇದೆ. ಇಲ್ಲಿನ ಜನರೇ ಸೇರಿ ನಡೆಸುತ್ತಾರೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಪ್ರದರ್ಶನಗಳಿಗೆ ಪ್ರಪೋಸಲ್ ಕರೆದಿದ್ದಾರೆ, ಒಬ್ಬೊಬ್ಬರಿಗೆ ಹತ್ತು ದಿನ. ಕೇಳಿರೋದು 300 ಪದಗಳ ಕಾನ್ಸೆಪ್ಟ್ ನೋಟ್, 8 ಫೋಟೋ, ಬಯೋಡೇಟಾ, ಅಳತೆ ಸಮೇತ ಕೃತಿಗಳ ಪಟ್ಟಿ, ಗೋಡೆಗೆ ಹೇಗೆ ಜೋಡಿಸುತ್ತೀರಿ ಅನ್ನೋ ನಕ್ಷೆ.

ಮೂರು ರಾತ್ರಿಯಿಂದ ನೋಟ್ ಬರೆಯಲು ಕೂರುತ್ತಿದ್ದೇನೆ. "ಮಲೆನಾಡಿನ ಶ್ರೀಮಂತ ಜಾನಪದ ಪರಂಪರೆಯ ಪ್ರತೀಕವಾದ..." ಅಂತ ಶುರುವಾಗುತ್ತೆ, ಅಲ್ಲೇ ನಿಲ್ಲುತ್ತೆ. ಬಯೋಡೇಟಾದಲ್ಲಿ ಬಿ.ಕಾಂ. ಬಿಟ್ಟರೆ ಹಾಕಲು ಏನೂ ಇಲ್ಲ. ಇನ್ನೊಂದು ತಲೆಬಿಸಿ: ಹತ್ತು ಚಿತ್ರ ನನ್ನವು, ಆದರೆ ಮೂರು ಬುಟ್ಟಿ ಅಮ್ಮನವು. ಫಾರಂನಲ್ಲಿ ಕಲಾವಿದರ ಹೆಸರಿಗೆ ಇರೋದು ಒಂದೇ ಗೆರೆ. ಅಮ್ಮನಿಗೆ ಹೇಳಿದರೆ "ಹುಣ್ಣಿಮೆ ಮುಗಿದ ಮೇಲೆ ಅಟ್ಟಕ್ಕೆ ಹೋಗೋ ಬುಟ್ಟಿ, ಅದನ್ನು ಯಾರು ನೋಡ್ತಾರೆ" ಅಂತ ನಕ್ಕರು. ಕೊನೇ ದಿನಕ್ಕೆ ಇನ್ನು 18 ದಿನ ಇದೆ. ಗೊತ್ತಿದ್ದವರು ದಾರಿ ತೋರಿಸಿ.

ಜಲವರ್ಣ:

ಮಾರಾಟ ಮುಖ್ಯ ಆದರೆ ಚಿತ್ರಕಲಾ ಪರಿಷತ್ತಿನವರು ರಸ್ತೆಯಲ್ಲೇ ನಡೆಸೋ ಚಿತ್ರಸಂತೆಗೂ ಅರ್ಜಿ ಹಾಕಿ. 2003ರಿಂದ ನಡೀತಾ ಇದೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರಲ್ಲ. ಆದರೆ ಅಲ್ಲಿ ಜನ ನಡೀತಾ ನೋಡ್ತಾರೆ, ಬುಟ್ಟಿ ಕಥೆ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲ್ಲ. ಆ ಮಟ್ಟಿಗೆ ನಿಮ್ಮ ಲೈಬ್ರರಿ ಮಹಡಿಯೇ ವಾಸಿ.

ಫೋಟೋ ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ತೆಗೆಯಬೇಡಿ, ಕೆಮ್ಮಣ್ಣು ಇಟ್ಟಿಗೆ ಪುಡಿ ಥರ ಕಾಣುತ್ತೆ. ಬೆಳಿಗ್ಗೆ ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು ತೆಗೀರಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾ ಮೇಲ್ ಮಾಡಿ.

ಗೋಡೆ_ಮೊಳೆ:

ಇಂಥದ್ದೇ ಒಂದು ಸಣ್ಣ ಗ್ಯಾಲರಿಯ ಆಯ್ಕೆ ಸಮಿತಿಯಲ್ಲಿ ಆರು ವರ್ಷ ಕೂತವನು ನಾನು. ಯಾವ ಊರು ಅಂತ ಹೇಳಲ್ಲ, ವಾಪಸ್ ಬಂದ ಪ್ರಪೋಸಲ್‌ನವರು ಇಲ್ಲೂ ಇದ್ದಾರೆ.

ಒಳಗೆ ಏನಾಗುತ್ತೆ ಹೇಳ್ತೀನಿ ಕೇಳಿ. ಒಂದು ಸಂಜೆ, ಐದು ಜನ, ಎರಡು ಸಲ ಕಾಫಿ, ಮುಂದೆ ಮೂವತ್ತು ಪ್ರಪೋಸಲ್. ಬಯೋಡೇಟಾ ಯಾರೂ ಮೊದಲು ತೆಗೆಯಲ್ಲ. ಫೋಟೋ ನೋಡ್ತಾರೆ, ಆಮೇಲೆ ನೋಟ್‌ನ ಮೊದಲ ಎರಡು ಸಾಲು. "ಶ್ರೀಮಂತ ಪರಂಪರೆ" ಆ ಸಂಜೆ ಒಂಬತ್ತು ಸಲ ಬಂದಿರುತ್ತೆ. ಹತ್ತನೆಯದು ನಿಮ್ಮದಾಗೋದು ಬೇಡ.

ನೀವು ನೋಟ್ ಬರೆದಾಗಿದೆ ತಾಯಿ, ಮೇಲಿನ ಪೋಸ್ಟ್‌ನಲ್ಲೇ ಇದೆ. ಅಕ್ಕಿಯಿಂದ ಬಿಳಿಯೂ ಬರುತ್ತೆ, ಸುಟ್ಟರೆ ಕಪ್ಪೂ ಬರುತ್ತೆ ಅನ್ನೋದು ನನಗೆ ಇವತ್ತು ಗೊತ್ತಾಗಿದ್ದು. ಎಷ್ಟು ಹೊತ್ತು ಹುರಿಯಬೇಕು? ಜಾಸ್ತಿ ಸುಟ್ಟರೆ ಏನಾಗುತ್ತೆ? ಎಳೆ ಎಳೆಯುವಾಗ ಕೈ ನಡುಗಿದರೆ ಒರೆಸಬಹುದಾ? ಅದನ್ನು ಬರೀರಿ. ಸಮಿತಿಯವರಿಗೆ ಗೊತ್ತಾಗಬೇಕಿರೋದು ಬಾಗಿಲು ದಾಟಿ ಒಳಗೆ ಬಂದವರು ಏನು ನೋಡ್ತಾರೆ ಅನ್ನೋದು ಅಷ್ಟೇ. ಬಯೋಡೇಟಾದಲ್ಲಿ "ಅಮ್ಮನಿಂದ ಕಲಿತದ್ದು, ಸಾಗರ" ಅಂತ ಒಂದು ಸಾಲು ಸಾಕು. ಬಿ.ಕಾಂ. ಕೂಡ ಇರಲಿ, ನಾಚಿಕೆ ಯಾಕೆ.

ಇನ್ನು ನಕ್ಷೆ. ಜನ ಎಡವೋದು ಇಲ್ಲೇ. ಟೇಪ್ ಹಿಡಿದು ಗ್ಯಾಲರಿಗೆ ನೀವೇ ಹೋಗಿ. ಅವರು ಕೊಡುವ ಅಳತೆಯಲ್ಲಿ ಸ್ವಿಚ್‌ಬೋರ್ಡ್ ಇರಲ್ಲ, ಬಾಗಿಲು ತೆರೆದಾಗ ಮುಚ್ಚಿಹೋಗೋ ಮೂರಡಿ ಇರಲ್ಲ. 34 ಅಡಿ ಗೋಡೆ ಅಂದುಕೊಳ್ಳಿ. ಆ ಮೂರಡಿ ಕಳೆದರೆ 31. ಎರಡಡಿ ಅಗಲದ ಹತ್ತು ಚಿತ್ರಕ್ಕೆ 20 ಅಡಿ. ನಡುನಡುವೆ ಒಂದೊಂದಡಿಯಂತೆ ಒಂಬತ್ತು ಸಂದು, ಎರಡು ತುದಿಗೆ ಒಂದೊಂದಡಿ. ಸರಿಯಾಗಿ 31 ಆಯಿತು, ಹನ್ನೊಂದನೇ ಚಿತ್ರಕ್ಕೆ ಜಾಗ ಇಲ್ಲ. ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚು ಎತ್ತರ ಬರಲಿ. ಮುಂದಿನ ಸಲ ಚಿತ್ರಕಲಾ ಪರಿಷತ್ತಿಗೆ ಹೋದಾಗ ಚಿತ್ರಗಳ ಜೊತೆ ನಡುವಿನ ಖಾಲಿ ಗೋಡೆಯನ್ನೂ ನೋಡಿ ಬನ್ನಿ. ಚಿತ್ರ ನಿಲ್ಲೋದು ಅದರ ಮೇಲೆ. ಬುಟ್ಟಿಗಳಿಗೆ ಪೀಠ ಎಷ್ಟಿವೆ ಅಂತಲೂ ಕೇಳಿ.

ಹೆಸರಿನ ಗೆರೆ ಒಂದೇ ಇದ್ದರೆ ಇಬ್ಬರ ಹೆಸರನ್ನೂ ಸಣ್ಣಗೆ ಬರೀರಿ. ಪಟ್ಟಿಯಲ್ಲಿ ಪ್ರತಿ ಕೃತಿಯ ಎದುರು ಯಾರದು ಅಂತ ಹಾಕಿ. ಇದರಲ್ಲಿ ಸಂಕೋಚ ಬೇಡ.

ತಾರೀಕು ಆರಿಸಿಕೊಳ್ಳಲು ಬಿಟ್ಟಿದ್ದರೆ ಭೂಮಿ ಹುಣ್ಣಿಮೆ ಒಳಗೆ ಬರುವ ಹತ್ತು ದಿನ ಕೇಳಿ. ಈಗಲೇ ಯಾಕೆ ಅನ್ನೋ ಪ್ರಶ್ನೆ ಸಮಿತಿಯಲ್ಲಿ ಯಾರಾದರೂ ಕೇಳೇ ಕೇಳ್ತಾರೆ.

ಒಮ್ಮೆ_ಸುಟ್ಟ_ಕೈ:

ಮೇಲಿನವರು ಹೇಳಿದ್ದೆಲ್ಲಾ ಸರಿ. ನನ್ನ ಪಾಡು ಕೇಳಿ. ಒಂದು ಗ್ಯಾಲರಿಯಲ್ಲಿ (ಹೆಸರು ಬೇಡ) ಬಾಯಿಮಾತಲ್ಲೇ ಎಲ್ಲಾ ಮುಗಿಸಿ ಚಿತ್ರ ತೂಗುಹಾಕಿದೆ. ಮಳೆಗಾಲ. ಗೋಡೆಗೆ ಒಳಗಿನಿಂದ ನೀರು ಜಿನುಗಿ ಎರಡು ಚಿತ್ರದ ಹಿಂದೆ ಬೂಷ್ಟು ಬಂತು. ಹೊಣೆ ಯಾರದು ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಟ್ಟರು. ಹಾಗಾಗಿ ಕಮಿಷನ್ ಎಷ್ಟು, ಹಾಳಾದರೆ ಯಾರು ಕೊಡ್ತಾರೆ, ರಾತ್ರಿ ಬೀಗ ಯಾರ ಹತ್ತಿರ, ಎಲ್ಲಾ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ. ಜಗಳಗಂಟಿ ಅಂದುಕೊಂಡರೆ ಅಂದುಕೊಳ್ಳಲಿ.

ನಿಮ್ಮದು ಅಕ್ಕಿ ಹಿಟ್ಟು ಬೇರೆ. ಜಿರಲೆಗೆ ಹಬ್ಬದೂಟ. ಕಾಗದದವಕ್ಕೆ ಗಾಜಿನ ಫ್ರೇಮ್ ಹಾಕಿಸಿ. ಆದರೆ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಇರಲಿ. ತಾಗಿದರೆ ಹಿಟ್ಟು ಗಾಜಿಗೆ ಅಂಟಿಕೊಂಡು ಬಿಡಿಸುವಾಗ ಚಿತ್ತಾರದ ಬಾಸಿಂಗವೇ ಕಿತ್ತು ಬರುತ್ತೆ.

ಬುಟ್ಟಿ_ಚಿತ್ತಾರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಟೇಪ್ ಹಿಡಿದು ಹೋಗಿದ್ದೆ. ಗೋಡೆ 29 ಅಡಿ, ನಡುವೆ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಬೇರೆ. ಎಂಟು ಚಿತ್ರಕ್ಕೆ ಇಳಿಸಿದೆ. ಪೀಠ ಮೂರಿವೆ.

ಆದರೆ ಹೊಸ ತಾಪತ್ರಯ. ಹುಣ್ಣಿಮೆ ಬರುವ ಹತ್ತು ದಿನ ಅಂದಾಗ ಅಮ್ಮ ಮೊದಲು ಹೂಂ ಅಂದರು. ರಾತ್ರಿ ಮತ್ತೆ ಫೋನ್. "ಆ ದಿನ ಗದ್ದೆಗೆ ಚರು ಬೀರೋದು ಯಾವ ಬುಟ್ಟೀಲಿ? ದೊಡ್ಡ ಬುಟ್ಟಿ ಇಲ್ಲಿಗೆ ಬರಲೇಬೇಕು" ಅಂದರು. (ಚರು ಅಂದರೆ ಭೂಮಿಗೆ ಎಡೆ ಅಂತ ಗದ್ದೆಗೆ ಎರಚೋ ಅಂಬಲಿ.) ಇನ್ನೊಂದು ಬರೀರಿ ಅಂದೆ. ತೋರಿಸೋಕೊಂದು, ಗದ್ದೆಗೊಂದು ಅಂತ ಬರೆಯೋ ಪದ್ಧತಿ ಇಲ್ಲವಂತೆ. ಹಾಗಾಗಿ ಹಿಂದಿನ ರಾತ್ರಿ ಬಸ್ಸಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಸಾಗರಕ್ಕೆ ಹೋಗಿ, ಹಬ್ಬ ಮುಗಿಸಿ ವಾಪಸ್ ತರಬೇಕು. ಎರಡು ದಿನ ಒಂದು ಪೀಠ ಖಾಲಿ. ಇದನ್ನು ಪ್ರಪೋಸಲ್‌ನಲ್ಲಿ ಹೇಳಲಾ, ಮುಚ್ಚಿಡಲಾ? ಬೇರೆ ತಾರೀಕು ಕೇಳೋದೇ ವಾಸಿನಾ?

ಗೋಡೆ_ಮೊಳೆ:

ತಾರೀಕು ಬದಲಾಯಿಸಬೇಡಿ. ನಕ್ಷೆಯಲ್ಲಿ ಆ ಪೀಠವನ್ನು ಗುರುತು ಮಾಡಿ, ಎರಡು ದಿನ ಅಲ್ಲಿ "ಬುಟ್ಟಿ ಗದ್ದೆಗೆ ಹೋಗಿದೆ" ಅನ್ನೋ ಚೀಟಿ ಇರುತ್ತೆ ಅಂತ ಬರೀರಿ. ನೋಟ್ ಶುರುವಾಗಬೇಕಾದ್ದೂ ಅಲ್ಲಿಂದಲೇ. ವಾಪಸ್ ತಂದಾಗ ಅಂಬಲಿ ಕಲೆ ಇದ್ದರೆ ಒರೆಸಬೇಡಿ.

ಬುಟ್ಟಿ_ಚಿತ್ತಾರ:

ಒರೆಸದಿದ್ದರೆ ಅಮ್ಮ ಬೈತಾರೆ. ಕೇಳಿ ಹೇಳ್ತೀನಿ.