ನಾಲಾ ನೀರು, ಎರಿ ಹೊಲ, ಕುಡಿಯುವ ಬೋರು: ಮಣ್ಣು ತಜ್ಞರನ್ನು ಕೇಳಿ

ಕೋಲಾರದ ರೈತ: ಮೇಡಂ, ಕೆಸಿ ವ್ಯಾಲಿ ಯೋಜನೆಯ ನೀರಿಂದ ನಮ್ಮೂರ ಕೆರೆ ತುಂಬಿದೆ. ಕೆರೆಗೇ ಮೋಟರ್ ಇಟ್ಟು ಟೊಮೆಟೊಗೆ ಹಾಯಿಸಬಹುದಾ?

ತಜ್ಞೆ: ಬೇಡ. ಅದು ಬೆಂಗಳೂರಲ್ಲಿ ಎರಡು ಹಂತ ಶುದ್ಧವಾದ ಕೊಳಚೆ ನೀರು. ಕೆರೆಯಂಗಳದ ಮಣ್ಣಲ್ಲಿ ಇಂಗಿ ಅಂತರ್ಜಲ ಸೇರಲಿ ಅಂತ ಬಿಡುತ್ತಿರುವುದು. ಬೋರ್‌ವೆಲ್‌ನಿಂದ ಎತ್ತಿ.

ಹುಬ್ಬಳ್ಳಿ ಕಡೆಯ ರೈತ: ಮೇಡಮ್ಮಾರ, ಮೂರು ಎಕರೆ ಎರಿ ಹೊಲ ಐತ್ರಿ, ಕಪ್ಪು ಮಣ್ಣು. ಎಂಟು ವರ್ಷದಿಂದ ಊರ ಕೊಳಚಿ ಹರಿಯೂ ನಾಲಾ ನೀರ ಹಾಯಸ್ತೇವಿ, ಗೊಬ್ಬರ ಭಾಳ ಬೇಕಾಗಂಗಿಲ್ಲ. ಈಗ ಬಿಳೀ ಪುಡಿ ಏಳಾಕತ್ತೈತಿ. ಬ್ಯಾಸಿಗ್ಯಾಗ ಮೊಣಕೈ ತನಕ ಕೈ ಹೋಗೂವಂಥ ಬಿರುಕು. ನೀರ ಬಿಟ್ಟ ಮರುದಿನ ಬೋರಿನ ನೀರ ರಾಡಿ ಬರ್ತೈತ್ರಿ. ಬೋರು ನಲವತ್ತು ಫೂಟ್ ದೂರ. ಕುಡಿಯೂದೂ ಅದ.

ಬೆಂಗಳೂರಿನ ಸದಸ್ಯೆ: ಬಟ್ಟೆ ಒಗೆದ ನೀರು ತೆಂಗಿಗೆ ಹಾಕಬಹುದಾ?

ತಜ್ಞೆ: ಹುಬ್ಬಳ್ಳಿಯವರೇ, ಆ ನೀರು ಕುಡಿಯುವುದನ್ನು ಇವತ್ತೇ ನಿಲ್ಲಿಸಿ. ಬಿಳಿ ಪುಡಿ ಉಪ್ಪು, ಅದನ್ನು ಆಮೇಲೆ ನೋಡೋಣ. ನನಗೆ ಹೆದರಿಕೆ ಬಿರುಕಿನದು. ಮಣ್ಣು ಕೊಳಚೆಯನ್ನು ಸೋಸುವುದು ನೀರು ಕಣಕಣದ ನಡುವೆ ನಿಧಾನ ಇಳಿದಾಗ ಮಾತ್ರ. ನಡುವೆ ನೆಲ ಆರಬೇಕು. ಆರಿದಾಗ ಒಳಗೆ ಗಾಳಿ ಆಡಿ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಮತ್ತೆ ತೇವವಾಗಿ ಗಾಳಿ ಕಡಿಮೆಯಾದಾಗ ಅದರಲ್ಲೊಂದು ಪಾಲು ಸಾರಜನಕ ಅನಿಲವಾಗಿ ಹೋಗುತ್ತದೆ. ನಿಮ್ಮಲ್ಲಿ ನೀರು ಮಣ್ಣನ್ನು ಮುಟ್ಟದೆ ಬಿರುಕಿನಲ್ಲೇ ಕೆಳಗೆ ಓಡುತ್ತಿದೆ. ಮರುದಿನವೇ ರಾಡಿ ಅಂದರೆ ಅದೇ ಅರ್ಥ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯುವ ನೀರಲ್ಲಿ ನೈಟ್ರೇಟ್‌ಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ಮನೆಯಲ್ಲಿ ಹಸುಗೂಸು ಇದೆಯೇ?

ಇನ್ನೊಬ್ಬ ಸದಸ್ಯ: ಫಾರ್ವರ್ಡ್: ಪಟಿಕ, ನುಗ್ಗೆ ಬೀಜದ ಪುಡಿ ಹಾಕಿದರೆ ಎಂಥ ಕೊಳಚೆಯೂ ಅಮೃತ.

ತಜ್ಞೆ: ರಾಡಿ ತಳಕ್ಕೆ ಕೂರುತ್ತದೆ, ಅಷ್ಟೇ. ನೈಟ್ರೇಟ್, ಉಪ್ಪು ಹಾಗೇ ಇರುತ್ತವೆ. ತಿಳಿಯಾಗಿದೆ ಅಂತ ನಂಬಿ ಕುಡಿಯುತ್ತಾರೆ. ದಯವಿಟ್ಟು ಅಳಿಸಿ.

ಚಿಕ್ಕಬಳ್ಳಾಪುರದ ಸದಸ್ಯ: ಕೆರೆ ನೀರು ನೇರ ಸೊಪ್ಪಿಗೆ ಬಿಡಬಹುದಾ ಮೇಡಂ?

ತಜ್ಞೆ: ಬೇಡ. ಮೇಲೆ ಓದಿ.

ಕೋಲಾರದ ಸದಸ್ಯೆ: ಬೆಂಗಳೂರಿನ ಹೊಲಸು ನಮಗ್ಯಾಕೆ? 2018ರಲ್ಲಿ ಲಕ್ಷ್ಮೀಸಾಗರ ಕೆರೆಯ ನೊರೆ ಮರೆತಿರಾ?

ಕೋಲಾರದ ರೈತ: ನಮ್ಮ ಬೋರು ಬತ್ತಿ ಮಕ್ಕಳು ಊರು ಬಿಟ್ಟಾಗ ಎಲ್ಲಿದ್ರಿ?

ಕೋಲಾರದ ಸದಸ್ಯೆ: ಮೂರನೇ ಹಂತವೂ ಶುದ್ಧ ಮಾಡಿ ಕಳಿಸಲಿ ಅಂದರೆ ರೈತವಿರೋಧಿಯಾ?

ಕೋಲಾರದ ರೈತ: ಕೇಳಿ, ಯಾರು ಬೇಡ ಅಂದ್ರು. ನೀರು ನಿಲ್ಲಿಸಿ ಅನ್ನಬೇಡಿ.

ಫಾರ್ವರ್ಡ್ ಹಾಕಿದ ಸದಸ್ಯ: ನಮ್ಮಜ್ಜಿ ಪಟಿಕದ ನೀರೇ ಕುಡಿದು ತೊಂಬತ್ತು ಬಾಳಿದರು.

ತಜ್ಞೆ: ಅಜ್ಜಿಯ ಬಾವಿಗೆ ಊರ ಚರಂಡಿ ಇಳಿದಿರಲಿಲ್ಲ. ಇಲ್ಲಿಗೆ ಬಿಡಿ. ಹುಬ್ಬಳ್ಳಿಯವರು ಉತ್ತರ ಕೊಡಲಿ.

ಬೆಂಗಳೂರಿನ ಸದಸ್ಯೆ: ತೆಂಗಿನ ಪ್ರಶ್ನೆ ಯಾರೂ ನೋಡ್ಲೇ ಇಲ್ಲ.

ಹುಬ್ಬಳ್ಳಿ ಕಡೆಯ ರೈತ: ಮಗಳು ಬಾಣಂತನಕ್ಕ ಬಂದಾಳ್ರಿ. ಎರಡು ತಿಂಗಳ ಕೂಸು. ಎದಿಹಾಲ ಸಾಲಂಗಿಲ್ಲಂತ ಡಬ್ಬಿ ಪುಡಿ ಕಲಸ್ತೇವಿ. ಬೋರಿನ ನೀರ ಕಾಯಿಸಿ.

ತಜ್ಞೆ: ಅಣ್ಣಾ, ಈಗಲೇ ನಿಲ್ಲಿಸಿ. ನೈಟ್ರೇಟ್ ಹೆಚ್ಚಿದ್ದರೆ ಕೂಸಿನ ರಕ್ತ ಆಮ್ಲಜನಕವನ್ನು ಸರಿಯಾಗಿ ಹೊರಲಾರದು. ತುಟಿ, ಉಗುರು ನೀಲಿ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಕಾಣದಿದ್ದರೂ ನಾಳೆ ವೈದ್ಯರಿಗೆ ತೋರಿಸಿ. ಪುಡಿ ಕಲಸಲು ಸೀಲ್ ಇರುವ ನೀರು ತಂದು, ಕಾಯಿಸಿಯೇ ಬಳಸಿ. ಬೋರಿನ ನೀರಿನ ಪರೀಕ್ಷೆಗೆ ಬಾಟಲಿ ಲ್ಯಾಬಿನಿಂದಲೇ ಪಡೆಯಿರಿ.

ಹುಬ್ಬಳ್ಳಿ ಕಡೆಯ ರೈತ: ತಮ್ಮನ್ನ ಪ್ಯಾಟಿಗೆ ಕಳಸೇನ್ರಿ, ನೀರ ತರಾಕ. ಕೂಸಿನ ಉಗುರು ಕೆಂಪದಾವು.