ತೋಟದ ಹಗಲುಸೊಳ್ಳೆ ಯಾರ ರಕ್ತವನ್ನು, ಯಾವಾಗ ಹೀರುತ್ತದೆ?

ಪ್ರಶ್ನೆ: ಅಡಿಕೆ ಕೃಷಿಕ, ಬದಿಯಡ್ಕ

ಮಳೆ ಹಿಡಿದೊಡನೆ ನಮ್ಮ ತೋಟದಲ್ಲಿ ಕಾಲಿಗೆ ಬಿಳಿ ಪಟ್ಟೆಯಿರುವ ಕಪ್ಪು ಸೊಳ್ಳೆಗಳು ಹಗಲಲ್ಲೇ ಮುತ್ತುತ್ತವೆ. ನೆರೆಮನೆಯವರೆಲ್ಲ ರಾತ್ರಿ ಸೊಳ್ಳೆಪರದೆಯೊಳಗೆ ಮಲಗುವವರೇ ಆದರೂ ಒಂದೇ ವಾರದಲ್ಲಿ ಮೂವರಿಗೆ ಡೆಂಗ್ಯೂ ಬಂದಿತು. ಒಂದೇ ಸೊಳ್ಳೆ ಹಲವರನ್ನು ಕಚ್ಚುವುದುಂಟೇ? ಹತ್ತಿರದಲ್ಲಿ ದನವಿದ್ದರೆ ಸೊಳ್ಳೆ ಅದರ ಕಡೆಗೆ ಹೋಗುತ್ತದೆ ಎನ್ನುವುದು ನಿಜವೇ?

ಉತ್ತರ 1: ಪ್ರಾಣಿಶಾಸ್ತ್ರ ಅಧ್ಯಾಪಕಿ, ಕಾಸರಗೋಡು

ನೀವು ವರ್ಣಿಸಿದ್ದು ಈಡಿಸ್ ಸೊಳ್ಳೆ. ತೋಟದಲ್ಲಿ ಹೆಚ್ಚಾಗಿ ಈಡಿಸ್ ಆಲ್ಬೋಪಿಕ್ಟಸ್ ಇರುತ್ತದೆ. 2007ರಲ್ಲಿ ಕೇರಳದಲ್ಲಿ ಚಿಕುನ್‌ಗುನ್ಯಾ ಹಬ್ಬಿಸಿದ್ದರಲ್ಲಿಯೂ ಇದರದೇ ದೊಡ್ಡ ಪಾಲು. ಗಂಡಿಗೂ ಹೆಣ್ಣಿಗೂ ಹೊಟ್ಟೆಪಾಡು ಹೂವಿನ ಮಕರಂದ, ಗಿಡದ ರಸಗಳಿಂದಲೇ ನಡೆಯುತ್ತದೆ. ಮೊಟ್ಟೆ ಬೆಳೆಯಲು ಬೇಕಾದ ಪ್ರೋಟೀನಿಗಾಗಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ. ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುನ್ನ ಅದರ ಹಾವಳಿ ಹೆಚ್ಚು. ನಾವು ಕೈ ಬೀಸಿದಾಗ ಅರ್ಧಕ್ಕೇ ಬಿಟ್ಟು ಹಾರುವ ಸೊಳ್ಳೆ, ಹೊಟ್ಟೆ ತುಂಬಿಸಿಕೊಳ್ಳಲು ಪಕ್ಕದವರ ಮೇಲೆ ಕೂರುತ್ತದೆ. ವೈರಾಣು ಅದರ ಜೊಲ್ಲಿನ ಮೂಲಕ ದೇಹ ಸೇರುವುದರಿಂದ ಅಷ್ಟು ಹೊತ್ತು ಚುಚ್ಚಿದರೂ ಸೋಂಕಿಗೆ ಸಾಕು. ಆದರೆ ರೋಗಿಯ ರಕ್ತ ಕುಡಿದ ಸೊಳ್ಳೆ ಅಂದೇ ರೋಗ ಹರಡಲಾರದು. ವೈರಾಣು ಅದರ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪಲು ಸುಮಾರು 8ರಿಂದ 12 ದಿನ ಬೇಕು, ಆಮೇಲೆ ಅದು ಬದುಕಿರುವಷ್ಟು ಕಾಲವೂ ಹರಡುತ್ತದೆ. ಆದ್ದರಿಂದ ನಿಮ್ಮ ನೆರೆಯವರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಿರುವುದಕ್ಕಿಂತ, ಮೊದಲೇ ಸೋಂಕಿದ್ದ ಸೊಳ್ಳೆ ಮೂವರನ್ನೂ ಕಚ್ಚಿರುವ ಸಂಭವವೇ ಹೆಚ್ಚು. ಜ್ವರವಿರುವವರನ್ನು ಹಗಲಿನಲ್ಲಿಯೂ ಪರದೆಯೊಳಗೆ ಮಲಗಿಸಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ; ಆ ದಿನಗಳಲ್ಲಿ ಅವರನ್ನು ಕಚ್ಚುವ ಸೊಳ್ಳೆಯೇ ಮುಂದಿನ ವಾರಗಳ ವಾಹಕ.

ಉತ್ತರ 2: ಹೈನುಗಾರ, ಎಣ್ಮಕಜೆ

ದನದ ಮಾತು ಬಂದದ್ದು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಿಂದ ಇರಬೇಕು. ಅವುಗಳಲ್ಲಿ ಕ್ಯುಲಿಸಿಫೇಸಿಸ್ ಎಂಬುದಕ್ಕೆ ದನದ ರಕ್ತವೇ ಹೆಚ್ಚು ಇಷ್ಟ, ಅದೂ ರಾತ್ರಿ. ತೋಟದ ಈಡಿಸ್ ಪ್ರಾಣಿಗಳನ್ನೂ ಕಚ್ಚುತ್ತದೆಯಾದರೂ ಮನುಷ್ಯ ಸಿಕ್ಕರೆ ಬಿಡುವುದಿಲ್ಲ. ಹಟ್ಟಿಯನ್ನು ನಂಬಿ ಕೂರಬೇಡಿ.

ಉತ್ತರ 3: ರಬ್ಬರ್ ಮತ್ತು ಅಡಿಕೆ ಬೆಳೆಗಾರ, ಬೆಳ್ಳೂರು

ರಕ್ತ ಸಿಕ್ಕ ಸೊಳ್ಳೆಗೆ ಮೊಟ್ಟೆಯಿಡಲು ಸ್ವಲ್ಪ ನೀರು ಸಾಕು. ಉದುರಿದ ಅಡಿಕೆ ಹಾಳೆ, ತೆಂಗಿನ ಗೆರಟೆ, ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದಲ್ಲಿ ಹಾಲು ಹಿಡಿಯಲು ಕಟ್ಟಿದ್ದ ಚಿಪ್ಪು, ಇಲಿ ಕೊರೆದ ಕೊಕ್ಕೋ ಕಾಯಿ, ಎಲ್ಲವೂ ಅದಕ್ಕೆ ಒದಗುತ್ತವೆ. ನೀರಿನಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿಯುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಹಾಳೆಗಳನ್ನು ಹೆಕ್ಕಿ ಸೂರಿನಡಿ ಪೇರಿಸಿಡಿ, ಚಿಪ್ಪುಗಳನ್ನು ಉಜ್ಜಿ ಕವುಚಿ ಹಾಕಿ. ಸಂಜೆ ತೋಟಕ್ಕಿಳಿಯುವವರು ಮೈತುಂಬ ಬಟ್ಟೆ ತೊಡುವುದು ಒಳ್ಳೆಯದು.